ಶುಕ್ರವಾರ ಮಂಡನೆ, ಮಂಗಳವಾರ ಅಂಗೀಕಾರ: ಆನ್‌ಲೈನ್ ಆಟದ ಮಸೂದೆ ಹಿಡಿದು ಶಾಸಕರ ಬಾಗಿಲಿಗೆ

2021ರ ಸೆಪ್ಟೆಂಬರ್ 17, ಶುಕ್ರವಾರ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕರ್ನಾಟಕ ಪೊಲೀಸ್ (ತಿದ್ದುಪಡಿ) ಮಸೂದೆಯನ್ನು ಅಂದಿನ ಗೃಹ ಸಚಿವ ಆರಗ ಜ್ಞಾನೇಂದ್ರ ವಿಧಾನಸಭೆಯಲ್ಲಿ ಮಂಡಿಸಿದರು. 21ರ ಮಂಗಳವಾರ ಸಭೆ ಅದನ್ನು ಅಂಗೀಕರಿಸಿಯೂ ಆಯಿತು. ನಡುವೆ ಉಳಿದದ್ದು ಶನಿವಾರ, ಭಾನುವಾರ, ಸೋಮವಾರ. ರಮ್ಮಿ, ಪೋಕರ್, ಫ್ಯಾಂಟಸಿ ಕ್ರಿಕೆಟ್, ದುಡ್ಡಿನ ಪ್ರವೇಶ ಶುಲ್ಕ ಇರುವ ಚೆಸ್ ಆಡುವವರು ಒಟ್ಟಾಗಿ ತಮ್ಮ ಶಾಸಕರನ್ನು ಕಂಡು ಮಾತಾಡಬೇಕು ಎಂದುಕೊಂಡರೆ ಇದ್ದ ಕಾಲ ಅಷ್ಟೇ. ವಾರದ ಕೊನೆ, ಶಾಸಕರು ಕ್ಷೇತ್ರಕ್ಕೆ ಹೋಗಿರುತ್ತಾರೆ. ಆಡುವವರಲ್ಲಿ ಹೆಚ್ಚಿನವರು ಬೆಂಗಳೂರಿನ ಬಾಡಿಗೆ ಮನೆಗಳಲ್ಲಿರುತ್ತಾರೆ. ಇಬ್ಬರೂ ಎದುರಾಗುವ ಹೊತ್ತಿಗೆ ಮಸೂದೆ ಸದನ ದಾಟಿರುತ್ತದೆ.

ಹೀಗಾಗಿ, ಆಗ ಆಟಗಾರರ ಗುಂಪು ಕಟ್ಟಿಕೊಂಡು ಓಡಾಡಿದ ನಾವು ಮೊದಲು ಹೇಳಬೇಕಾದ ಮಾತು: ಮಸೂದೆ ಮಂಡನೆಯಾದ ಮೇಲೆ ಶುರು ಮಾಡಿದರೆ ತಡವಾಯಿತು. ಸುಳಿವು ಮೊದಲೇ ಸಿಕ್ಕಿರುತ್ತದೆ. ಆ ವರ್ಷ ಆಗಸ್ಟ್ 3ರಂದು ಮದ್ರಾಸ್ ಹೈಕೋರ್ಟ್ ತಮಿಳುನಾಡಿನ ಇಂಥದೇ ಕಾಯ್ದೆಯನ್ನು ರದ್ದು ಮಾಡಿತ್ತು. ಇಲ್ಲಿ ಆನ್‌ಲೈನ್ ಜೂಜು ನಿಲ್ಲಿಸಿ ಎಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿ ನಮ್ಮ ಹೈಕೋರ್ಟಿನಲ್ಲಿ ನಡೆಯುತ್ತಿತ್ತು, ಸರ್ಕಾರ ಏನಾದರೂ ಮಾಡಲೇಬೇಕಿತ್ತು. ಸೆಪ್ಟೆಂಬರ್ ಆರಂಭದಲ್ಲಿ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. 13ರಿಂದ 24ರವರೆಗೆ ಅಧಿವೇಶನ ಎಂದು ಮೊದಲೇ ಪ್ರಕಟವಾಗಿತ್ತು. ಸಂಪುಟದ ಸುದ್ದಿ ಬಂದ ದಿನದಿಂದ ಲೆಕ್ಕ ಹಾಕಿದ್ದರೆ ಕೈಯಲ್ಲಿ ಸುಮಾರು ಎರಡು ವಾರ ಇತ್ತು. ಪತ್ರಿಕೆಗಳಲ್ಲಿ ಸಂಪುಟದ ತೀರ್ಮಾನಗಳು ಒಂದೊಂದು ಸಾಲಿನಲ್ಲಿ ಬರುತ್ತವೆ. ಆ ಸಾಲುಗಳನ್ನು ಪ್ರತಿ ವಾರ ಓದುವವರು ಗುಂಪಿನಲ್ಲಿ ಒಬ್ಬರಾದರೂ ಇರಬೇಕು. ಉಳಿದ ಎಲ್ಲ ಓಡಾಟಕ್ಕಿಂತ ಇದು ಮುಖ್ಯ, ಮತ್ತು ಯಾರಿಗೂ ಬೇಡದ ಕೆಲಸ.

ಮಸೂದೆಯ ಪ್ರತಿ ಸಿಕ್ಕ ಮೇಲೆ ಅದನ್ನು ಓದುವ ಕ್ರಮ ಒಂದಿದೆ. ಸದನದ ಭಾಷೆಯಲ್ಲಿ ಇದು ವಿಧೇಯಕ. ವಿಧಾನಸಭೆಯ ಜಾಲತಾಣದಲ್ಲಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಬೇಕು. ಮೊದಲ ಪುಟದಿಂದ ಅಲ್ಲ, ಕೊನೆಯಿಂದ ಓದಬೇಕು. ಕೊನೆಯ ಅನುಬಂಧದಲ್ಲಿ ಮೂಲ ಕಾಯ್ದೆಯ ಯಾವ ಸೆಕ್ಷನ್ ತಿದ್ದುತ್ತಾರೋ ಅದರ ಹಳೆಯ ಪಾಠ ಇರುತ್ತದೆ. ಅದಕ್ಕೂ ಮುಂಚೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಅಂದರೆ ಸರ್ಕಾರ ಈ ತಿದ್ದುಪಡಿ ಏಕೆ ತರುತ್ತಿದೆ ಎಂಬ ವಿವರಣೆ. ಇವೆರಡನ್ನು ಓದಿ ಆಮೇಲೆ ಮಸೂದೆಯ ಖಂಡಗಳಿಗೆ ಬಂದರೆ ಏನು ಬದಲಾಗುತ್ತಿದೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

2021ರಲ್ಲಿ ಕಂಡದ್ದು ಇದು. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 176ನೇ ಸೆಕ್ಷನ್ ಎರಡು ಮಾತು ಹೇಳುತ್ತಿತ್ತು. ಶುದ್ಧ ಕೌಶಲದ ಆಟಕ್ಕೆ 79 ಮತ್ತು 80ನೇ ಸೆಕ್ಷನ್‌ಗಳು (ಜೂಜಿನ ಮನೆ ನಡೆಸುವವರಿಗೆ, ಅಲ್ಲಿ ಆಡುವವರಿಗೆ ಶಿಕ್ಷೆ ಹೇಳುವವು) ಅನ್ವಯಿಸುವುದಿಲ್ಲ. ಅಂಥ ಆಟದಲ್ಲಿ ಪಾಲ್ಗೊಳ್ಳುವವರು ತಾವೇ ಕಟ್ಟುವ ಪಣಕ್ಕೂ ಅನ್ವಯಿಸುವುದಿಲ್ಲ. ತಿದ್ದುಪಡಿ ಈ ಎರಡನೆಯ ಮಾತನ್ನು ಕಿತ್ತು ಹಾಕಿತು. ಇನ್ನೊಂದು ಕಡೆ ವ್ಯಾಖ್ಯೆಯಲ್ಲಿ, ಫಲಿತಾಂಶ ಗೊತ್ತಿಲ್ಲದ ಘಟನೆಯ ಮೇಲೆ ಹಣ ಹೂಡುವುದು ಎಂಬಲ್ಲಿ 'ಕೌಶಲದ ಆಟವೂ ಸೇರಿದಂತೆ' ಎಂಬ ಅರ್ಥದ ಪದಗಳನ್ನು ತುರುಕಿತು. ಲಾಟರಿಯನ್ನೂ ಕುದುರೆ ರೇಸನ್ನೂ ಹೊರಗಿಟ್ಟಿತು. ಶಿಕ್ಷೆಯನ್ನು ಗರಿಷ್ಠ 3 ವರ್ಷ ಜೈಲು, 1 ಲಕ್ಷ ರೂಪಾಯಿ ದಂಡದವರೆಗೆ ಏರಿಸಿತು. ಬಹುತೇಕ ಅಪರಾಧಗಳನ್ನು ಜಾಮೀನುರಹಿತ ಮಾಡಿತು, ಅಂದರೆ ಜಾಮೀನು ಹಕ್ಕಲ್ಲ, ಕೋರ್ಟ್ ಒಪ್ಪಿದರೆ ಮಾತ್ರ. ಆಟಗಾರನ ಮಟ್ಟಿಗೆ ಇಡೀ ಮಸೂದೆಯ ಹುಲಿಯುಗುರು ಇದ್ದದ್ದು 176ರಲ್ಲಿ ಬಿಟ್ಟುಹೋದ ಒಂದು ಸಾಲು, ವ್ಯಾಖ್ಯೆಯಲ್ಲಿ ಸೇರಿದ ಮೂರು ಪದ, ಇಷ್ಟರಲ್ಲಿ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. 'ಮಸೂದೆ ವಾಪಸ್ ಪಡೆಯಿರಿ' ಎಂಬ ಮನವಿಯನ್ನು ಶಾಸಕರು ಓದಲಾರರು, ಓದಿದರೂ ಅದರಿಂದ ಮಾಡಲು ಅವರಿಗೆ ಏನೂ ಇಲ್ಲ. ಆಡಳಿತ ಪಕ್ಷದವರಾದರೆ ಹೀಗೇ ಮತ ಹಾಕಿ ಎಂಬ ಪಕ್ಷದ ವಿಪ್ ಇರುತ್ತದೆ. ವಿಪ್ ಮೀರಿ ಮತ ಹಾಕಿದರೆ ಸಂವಿಧಾನದ ಹತ್ತನೇ ಪರಿಚ್ಛೇದದಡಿ (ಪಕ್ಷಾಂತರ ನಿಷೇಧ) ಸ್ಥಾನವೇ ಹೋಗಬಹುದು. ವಿರೋಧ ಪಕ್ಷದವರಾದರೆ ಜೂಜಿನ ಪರ ಮಾತಾಡಿದರು ಎಂಬ ತಲೆಬರಹಕ್ಕೆ ಹೆದರುತ್ತಾರೆ. ಇಂಥ ಮಸೂದೆಗಳು ಸಾಮಾನ್ಯವಾಗಿ ಧ್ವನಿಮತದಲ್ಲಿ ಹೋಗುತ್ತವೆ, ಯಾರು ಹೌದು ಎಂದರು, ಯಾರು ಇಲ್ಲ ಎಂದರು ಎಂಬುದು ದಾಖಲೂ ಆಗುವುದಿಲ್ಲ. ಆದ್ದರಿಂದ ಮತ ಕೇಳಬಾರದು. ಶಾಸಕರು ತಮ್ಮ ಪಕ್ಷ ಬಿಡದೆ ಮಾಡಬಹುದಾದ ಸಣ್ಣ ಕೆಲಸ ಕೇಳಬೇಕು. 176ರ ಆ ಸಾಲು ಉಳಿಸಿ ಎಂದು ಶಾಸಕಾಂಗ ಪಕ್ಷದ ಸಭೆಯಲ್ಲಿ ಒಂದು ಮಾತು ಹೇಳಿ. ಅಥವಾ ತಿದ್ದುಪಡಿ ಸೂಚನೆ ಕೊಡಿ. ಅಥವಾ ಪರಿಶೀಲನಾ ಸಮಿತಿಗೆ ಕಳಿಸಿ ಎಂದು ಕೇಳಿ. ಅದೂ ಆಗದಿದ್ದರೆ, 'ಚೆಸ್ ಟೂರ್ನಿಗೆ ಪ್ರವೇಶ ಶುಲ್ಕ ಕಟ್ಟಿದವನಿಗೂ ಇದು ಅನ್ವಯಿಸುತ್ತದೆಯೇ?' ಎಂದು ಚರ್ಚೆಯಲ್ಲಿ ಸಚಿವರನ್ನು ಕೇಳಿ. ಕೊನೆಯದು ಚಿಕ್ಕದಾಗಿ ಕಾಣುತ್ತದೆ. ಆದರೆ ಸಚಿವರು ಕೊಡುವ ಉತ್ತರ ನಡಾವಳಿಯಲ್ಲಿ ಅಚ್ಚಾಗುತ್ತದೆ, ನಾಳೆ ಕೋರ್ಟಿನಲ್ಲಿ ವಕೀಲರು ಅದನ್ನು ಹುಡುಕಿಕೊಂಡು ಬರುತ್ತಾರೆ.

ಇನ್ನು ಜನ. ಆಟದ ಆ್ಯಪ್‌ನಲ್ಲಿ ಸಾವಿರಾರು ಮಂದಿ ಇದ್ದರೂ ಶಾಸಕರಿಗೆ ಬೇಕಾದದ್ದು ತಮ್ಮ ಕ್ಷೇತ್ರದ ಮತದಾರರು ಮಾತ್ರ. ಇಲ್ಲೇ ಎಲ್ಲರೂ ಎಡವುವುದು. ಎಚ್‌ಎಸ್‌ಆರ್ ಬಡಾವಣೆಯಲ್ಲಿ ವಾಸ, ಮತ ಹಾವೇರಿಯಲ್ಲಿ. ವೈಟ್‌ಫೀಲ್ಡಿನಲ್ಲಿ ಕೆಲಸ, ಮತ ಕುಂದಾಪುರದಲ್ಲಿ, ಕೆಲವರದು ಆಂಧ್ರದಲ್ಲಿ. ಬೊಮ್ಮನಹಳ್ಳಿಯ ಶಾಸಕರ ಎದುರು ಹಾವೇರಿಯ ಮತದಾರರನ್ನು ಕೂರಿಸಿದರೆ ಕಾಫಿ ಸಿಗುತ್ತದೆ, ಕೆಲಸ ಆಗುವುದಿಲ್ಲ. ಆದ್ದರಿಂದ ಗುಂಪಿಗೆ ಸೇರುವವರಿಗೆ ಹಾಕುವ ಮೊದಲ ಪ್ರಶ್ನೆ 'ಎಷ್ಟು ವರ್ಷದಿಂದ ಆಡುತ್ತೀರಿ' ಅಲ್ಲ, 'ನಿಮ್ಮ ಓಟು ಎಲ್ಲಿದೆ'. ಮತದಾರರ ಚೀಟಿ ಸಂಖ್ಯೆ ಹಾಕಿದರೆ ಚುನಾವಣಾ ಆಯೋಗದ ಜಾಲತಾಣ ವಿಧಾನಸಭಾ ಕ್ಷೇತ್ರ, ಭಾಗ ಸಂಖ್ಯೆ ಎರಡನ್ನೂ ತೋರಿಸುತ್ತದೆ. ಅವನ್ನು ಒಂದು ಎಕ್ಸೆಲ್ ಹಾಳೆಯಲ್ಲಿ ಬರೆಯುತ್ತಾ ಹೋದರೆ 224 ಕ್ಷೇತ್ರಗಳಲ್ಲಿ ಎಲ್ಲಿ ನಮ್ಮವರು ಇದ್ದಾರೆ, ಎಲ್ಲಿ ಒಬ್ಬರೂ ಇಲ್ಲ ಎಂಬುದು ಎರಡು ಸಂಜೆಯಲ್ಲಿ ಗೊತ್ತಾಗುತ್ತದೆ. ಹಾವೇರಿಯಲ್ಲಿ ಓಟು ಇರುವವರನ್ನು ಹಾವೇರಿಗೇ ಕಳಿಸಬೇಕು. ಹೇಗೂ ತಿಂಗಳಿಗೊಮ್ಮೆ ಊರಿಗೆ ಹೋಗುತ್ತಾರೆ, ಭಾನುವಾರ ಬೆಳಗ್ಗೆ ಶಾಸಕರ ಮನೆಯ ಮುಂದೆ ನಿಲ್ಲಲು ಅರ್ಧ ದಿನ ಸಾಕು.

ಒಂದು ಕ್ಷೇತ್ರಕ್ಕೆ ಎಷ್ಟು ಜನ ಬೇಕು? ಸಹಿಗೆ 25 ಮಂದಿ ನಿಜವಾದ ಮತದಾರರು, ಹೋಗಿ ಮಾತಾಡಲು ನಾಲ್ಕು ಮಂದಿ. ಐನೂರು ಸಹಿಯ ಕಟ್ಟು ಒಯ್ದರೆ ಶಾಸಕರ ಪಿಎ (ಆಪ್ತ ಸಹಾಯಕ) ನಡುವಿನ ಒಂದು ಹಾಳೆ ಎಳೆದು ನೋಡುತ್ತಾರೆ. ಅದರಲ್ಲಿ ಎರಡು ಹೆಸರು ಬೇರೆ ತಾಲ್ಲೂಕಿನವು ಎಂದು ಕಂಡರೆ ಕಟ್ಟು ಅಲ್ಲಿಗೇ ಮುಗಿಯಿತು. ಹೋಗುವ ನಾಲ್ವರಲ್ಲಿ ಒಬ್ಬರು ಆ ಊರಿನಲ್ಲಿ ಎಲ್ಲರಿಗೂ ಗೊತ್ತಿರುವವರಾಗಿರಬೇಕು: ಚೆಸ್ ಹೇಳಿಕೊಡುವ ಮೇಷ್ಟ್ರು, ಸೈಬರ್ ಸೆಂಟರ್ ಅಂಗಡಿಯವರು, ಸಹಕಾರ ಸಂಘದ ಸದಸ್ಯರು. ಒಬ್ಬರು ಈ ಉದ್ಯಮದಲ್ಲಿ ಸಂಬಳಕ್ಕೆ ಕೆಲಸ ಮಾಡುವವರು, ಸಾಫ್ಟ್‌ವೇರ್ ಆಗಲಿ, ಗ್ರಾಹಕ ಸೇವೆ ಆಗಲಿ. ಮಾತಾಡುವುದು ಒಬ್ಬರೇ. ಒಬ್ಬರು ಬರೆದುಕೊಳ್ಳುತ್ತಾರೆ. ಲಕ್ಷಗಟ್ಟಲೆ ಗೆದ್ದೆ ಎಂದು ಹೇಳಿಕೊಳ್ಳುವವರನ್ನು ಮಾತ್ರ ದಯವಿಟ್ಟು ಮನೆಯಲ್ಲೇ ಬಿಡಿ. ಅವರ ಒಂದು ವಾಕ್ಯ ಉಳಿದ ಮೂವರ ಮಾತನ್ನೂ ತಿಂದುಹಾಕುತ್ತದೆ.

ಮನವಿ ಪತ್ರ ಕನ್ನಡದಲ್ಲಿ, ಎ4 ಹಾಳೆಯ ಒಂದೇ ಬದಿಯಲ್ಲಿ, 14 ಅಳತೆಯ ಅಕ್ಷರದಲ್ಲಿ. ಕಂಪನಿಯ ವಕೀಲರು ಬರೆದ ಹನ್ನೆರಡು ಪುಟದ ಇಂಗ್ಲಿಷ್ ಟಿಪ್ಪಣಿ ಬೆಂಗಳೂರಿನ ಕಾರ್ಯದರ್ಶಿಗಳಿಗೆ ಸರಿ, ಶಾಸಕರಿಗೆ ಅಲ್ಲ. ಮೇಲೆ ವಿಷಯ ಒಂದು ಸಾಲು. ಅದರ ಕೆಳಗೆ ಕೋರಿಕೆ, ಅದೂ ಮೊದಲ ನಾಲ್ಕು ಸಾಲಿನೊಳಗೆ, ಸೆಕ್ಷನ್ ಸಂಖ್ಯೆ ಸಮೇತ. ಆಮೇಲೆ ಕಾರಣ ಎರಡು, ಮೂರನೆಯದು ಬೇಡ. ನಾವು ಬರೆದ ಕಾರಣಗಳು ಇವು. ರಮ್ಮಿ ಪ್ರಧಾನವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಆಂಧ್ರಪ್ರದೇಶ ಸರ್ಕಾರ ಮತ್ತು ಸತ್ಯನಾರಾಯಣ ಪ್ರಕರಣದಲ್ಲಿ ಹೇಳಿದೆ, ಆದ್ದರಿಂದ ಈ ತಿದ್ದುಪಡಿ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಇಲ್ಲಿ ನೋಂದಾಯಿತವಾದ, ತೆರಿಗೆ ಕಟ್ಟುವ ಆ್ಯಪ್ ಮುಚ್ಚಿದರೆ ಆಡುವವನು ಹೊರದೇಶದ ಬೆಟ್ಟಿಂಗ್ ಸೈಟಿಗೆ ಹೋಗುತ್ತಾನೆ, ಅಲ್ಲಿ ನಮ್ಮ ಪೊಲೀಸರ ಕೈ ಮುಟ್ಟುವುದಿಲ್ಲ. ಇಷ್ಟೇ. ಇನ್ನೊಂದು ಸಂಗತಿ ಬರೆಯಲು ಆಸೆಯಾಗುತ್ತದೆ. ಪಂದ್ಯ ಯಾವುದು, ಜೂಜು ಯಾವುದು ಎಂಬ ಇಡೀ ದೇಶದ ಕಾನೂನು ಹುಟ್ಟಿದ್ದು 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ. ಆ ಪ್ರಕರಣದ ಮೂಲದಲ್ಲಿದ್ದದ್ದು ಬೆಂಗಳೂರಿನಲ್ಲಿ ಅಚ್ಚಾಗುತ್ತಿದ್ದ ವಾರಪತ್ರಿಕೆಯ ಪದಬಂಧ ಬಹುಮಾನ ಸ್ಪರ್ಧೆ. ಬಲು ರುಚಿಯಾದ ವಿಷಯ, ಆದರೆ ಮನವಿಗೆ ಬೇಡ. ಕಾಫಿ ಬಂದಾಗ ಹೇಳಬಹುದು.

ಪ್ರತಿ ಮೂರು ಒಯ್ಯಬೇಕು. ಒಂದು ಶಾಸಕರಿಗೆ, ಒಂದು ಪಿಎಗೆ, ಒಂದರ ಮೇಲೆ ದಿನಾಂಕ ಹಾಕಿಸಿ ಸ್ವೀಕೃತಿ ಸಹಿ ಪಡೆದು ವಾಪಸ್ ತರಬೇಕು. ಮೂರನೆಯದು ಎಲ್ಲರೂ ಮರೆಯುವ ಪ್ರತಿ. ಮುಂದೆ ಯಾರಾದರೂ ರಿಟ್ ಅರ್ಜಿ ಹಾಕಿದಾಗ 'ಮಸೂದೆ ಹಂತದಲ್ಲೇ ತಿಳಿಸಿದ್ದೆವು' ಎಂದು ತೋರಿಸಲು ಅನುಬಂಧವಾಗಿ ಹೋಗುವುದು ಅದೇ ಹಾಳೆ. ಸಹಿ ಪಟ್ಟಿಯಲ್ಲಿ ಹೆಸರು, ಊರು ಅಥವಾ ವಾರ್ಡ್, ಮತಗಟ್ಟೆಯ ಭಾಗ ಸಂಖ್ಯೆ ಇದ್ದರೆ ಸಾಕು. ಫೋನ್ ನಂಬರ್ ಬೇಡ. ಆ ಪಟ್ಟಿ ಪಕ್ಷದ ಕಚೇರಿಗೆ ಹೋಗುತ್ತದೆ, ಮಾರನೇ ದಿನದಿಂದ ನಿಮ್ಮ ಹುಡುಗರಿಗೆ ಪಕ್ಷದ ಮೆಸೇಜು ಶುರುವಾಗುತ್ತದೆ, ಮುಂದಿನ ಸಲ ಸಹಿ ಕೇಳಿದರೆ ಯಾರೂ ಹಾಕುವುದಿಲ್ಲ.

ಒಂದೇ ಒಕ್ಕಣೆಯ ಇ-ಮೇಲ್ ಅಭಿಯಾನದ ಬಗ್ಗೆ ಒಂದು ಮಾತು. ಗುಂಡಿ ಒತ್ತಿದರೆ ಎಲ್ಲ ಶಾಸಕರಿಗೂ ಪತ್ರ ಹೋಗುವಂತೆ ಮಾಡುವುದು ಸುಲಭ. ನಾವು ಕಂಡಂತೆ ಅವುಗಳಲ್ಲಿ ಬಹುಪಾಲು ತೆರೆಯುವುದೇ ಇಲ್ಲ. ಎಷ್ಟೋ ಶಾಸಕರ ಅಧಿಕೃತ ಇ-ಮೇಲನ್ನು ನೋಡುವವರೇ ಇರುವುದಿಲ್ಲ, ಎಲ್ಲ ನಡೆಯುವುದು ಪಿಎ ಫೋನಿನ ವಾಟ್ಸಾಪಿನಲ್ಲಿ. ಅಲ್ಲೂ ಇಪ್ಪತ್ತು ಮಂದಿ ಒಂದೇ ಒಕ್ಕಣೆ ಕಳಿಸಿದರೆ ಪಿಎ ನಂಬರುಗಳನ್ನು ಬ್ಲಾಕ್ ಮಾಡುತ್ತಾರೆ. ಒಬ್ಬರು, ಒಂದು ಮೆಸೇಜು, ಮನವಿಯ ಫೋಟೋ, ಭೇಟಿಗೆ ಎರಡು ದಿನಾಂಕ. ಉತ್ತರ ಬರದಿದ್ದರೆ ಎರಡು ದಿನ ಬಿಟ್ಟು ಫೋನು. ಪಿಎಯನ್ನು 'ಸರ್' ಎನ್ನಬೇಕು, ಊರಿನ ಹುಡುಗನಾದರೆ 'ಅಣ್ಣ'. ಶಾಸಕರ ದಿನಚರಿ ಇರುವುದು ಅವರ ಕೈಯಲ್ಲಿ, ಅದನ್ನು ತಿಳಿದು ನಡೆದುಕೊಂಡವರಿಗೆ ಬಾಗಿಲು ತೆರೆಯುತ್ತದೆ.

ಕ್ಷೇತ್ರದಲ್ಲಾದರೆ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ ಒಳ್ಳೆಯ ಹೊತ್ತು. ಪಿಂಚಣಿ, ವರ್ಗಾವಣೆ, ಬೋರ್‌ವೆಲ್, ಆಸ್ಪತ್ರೆ ಬಿಲ್ಲು ಹಿಡಿದುಕೊಂಡು ಬಂದವರ ನಡುವೆ ನಾವೂ ಕೂರುತ್ತೇವೆ ಎಂಬುದನ್ನು ಮರೆಯಬಾರದು. ಅವರ ಕಷ್ಟದ ಎದುರು ನಮ್ಮದು ಹಗುರವಾಗಿ ಕಾಣುತ್ತದೆ, ಅದು ಸಹಜವೂ ಹೌದು. ಆದ್ದರಿಂದ ನಾಲ್ಕು ನಿಮಿಷ ದಾಟಬಾರದು. ಅಧಿವೇಶನ ನಡೆಯುವಾಗ ಬೆಂಗಳೂರಿನಲ್ಲಾದರೆ ಶಾಸಕರ ಭವನ. ಸದನಕ್ಕೆ ಹೊರಡುವ ಮೊದಲು ಅಥವಾ ರಾತ್ರಿ ಊಟಕ್ಕೆ ಮುಂಚೆ ಕಾಣಬಹುದು. ವಿಧಾನಸೌಧದ ಒಳಗೆ ಹೋಗಿ ಕಾಣುತ್ತೇವೆ ಎನ್ನುವವರಿಗೆ ಪಾಸಿನ ಸಾಲಿನಲ್ಲೇ ಬೆಳಗು ಕಳೆದುಹೋಗುತ್ತದೆ. ಮೊಗಸಾಲೆಯಲ್ಲಿ ಸಿಕ್ಕರೂ 'ಆಯ್ತು ನೋಡೋಣ' ಎಂಬುದಕ್ಕಿಂತ ಹೆಚ್ಚು ಸಿಗುವುದಿಲ್ಲ.

ಕೂತ ಕೂಡಲೇ ಬರುವ ಮಾತು: 'ಏನಪ್ಪಾ, ಇಸ್ಪೀಟಿಗೆ ಪರ್ಮಿಶನ್ ಕೇಳೋಕೆ ಬಂದಿದ್ದೀರಾ?' ಸುತ್ತ ಕೂತವರು ನಗುತ್ತಾರೆ. ನಾವೂ ನಗಬೇಕು. ಎರಡನೆಯದು ಧರ್ಮರಾಯ. ಪಕ್ಷ ಯಾವುದೇ ಇರಲಿ, ಯಾರಾದರೂ ಒಬ್ಬರು ಪಗಡೆ ಆಡಿ ರಾಜ್ಯ ಸೋತ ಧರ್ಮರಾಯನನ್ನು ಎತ್ತುತ್ತಾರೆ. ಶಕುನಿಯ ದಾಳ ಮೋಸದ್ದಾಗಿತ್ತು, ನಮ್ಮ ಆಟದಲ್ಲಿ ದಾಳ ಪರೀಕ್ಷೆ ಮಾಡಿಸಿರುತ್ತಾರೆ ಎಂದು ಜಾಣ ಉತ್ತರ ಕೊಡಲು ನಾಲಿಗೆ ತುರಿಸುತ್ತದೆ. ಬೇಡ. ಮಹಾಭಾರತದಲ್ಲಿ ಶಾಸಕರನ್ನು ಸೋಲಿಸಿ ಗೆದ್ದುಕೊಂಡು ಬರುವುದು ಏನೂ ಇಲ್ಲ.

ಮೂರನೆಯದು ನಿಜವಾದ ಪ್ರಶ್ನೆ. 'ನನ್ನ ಕ್ಷೇತ್ರದಲ್ಲಿ ಹುಡುಗನೊಬ್ಬ ಆ್ಯಪ್‌ನಲ್ಲಿ ಸಾಲ ಮಾಡಿ ಸತ್ತ. ಅವನ ತಾಯಿಗೆ ಏನು ಹೇಳಲಿ?' ಇದಕ್ಕೆ ಕಾನೂನಿನ ಉತ್ತರ ಇಲ್ಲ, ಕೊಡಲೂಬಾರದು. ವಾದ ಮಾಡಿದ ಗುಂಪುಗಳು ಇಲ್ಲೇ ಸೋತವು. ಒಪ್ಪಿಕೊಳ್ಳಬೇಕು: ಸಾಲ ಮಾಡಿ ಆಡುವವರು ಇದ್ದಾರೆ, ಕುಟುಂಬಗಳು ಹಾಳಾಗಿವೆ, ಅದಕ್ಕೆ ಕಡಿವಾಣ ಬೇಕೇ ಬೇಕು. ಒಪ್ಪಿಕೊಂಡ ಮೇಲೆ ಇನ್ನೊಂದು ಹಾಳೆ ಕೊಡಬೇಕು. ಅದರಲ್ಲಿ ನಾವು ಏನು ಒಪ್ಪುತ್ತೇವೆ ಎಂಬುದು: 18ರ ಕೆಳಗಿನವರಿಗೆ ಪ್ರವೇಶವಿಲ್ಲ, ಗುರುತಿನ ದಾಖಲೆ ಇಲ್ಲದೆ ಹಣ ಹಾಕುವಂತಿಲ್ಲ, ದಿನಕ್ಕೂ ತಿಂಗಳಿಗೂ ಹಾಕುವ ಹಣಕ್ಕೆ ಮಿತಿ, ಮಿತಿ ಏರಿಸಿಕೊಂಡರೆ ಅದು ಜಾರಿಗೆ ಬರುವ ಮೊದಲು ಕಾಯುವ ಅವಧಿ, ತನ್ನನ್ನು ತಾನೇ ಹೊರಗಿಟ್ಟುಕೊಳ್ಳುವ ಗುಂಡಿ, ಮನೆಯವರು ದೂರು ಕೊಟ್ಟರೆ ಖಾತೆ ತಡೆಯುವ ವ್ಯವಸ್ಥೆ, ಆಟದ ಆ್ಯಪ್ ಒಳಗೆ ಸಾಲದ ಜಾಹೀರಾತಿಗೆ ನಿಷೇಧ. ಈ ಹಾಳೆಯನ್ನು ಕಂಪನಿಗಳು ಇಷ್ಟಪಡುವುದಿಲ್ಲ. ಅವರಿಗೆ ಒಪ್ಪಿಗೆ ಇಲ್ಲದಿದ್ದರೂ ಆಟಗಾರರ ಗುಂಪು ಇದನ್ನು ಕೊಡಬೇಕು, ಕೊಟ್ಟಾಗಲೇ ಶಾಸಕರು ಪೆನ್ನು ತೆಗೆದು ಅಂಚಿನಲ್ಲಿ ಗುರುತು ಹಾಕುವುದು. ಮೊದಲನೇ ಹಾಳೆಗಿಂತ ಎರಡನೆಯದೇ ಹೆಚ್ಚು ಓದಿಸಿಕೊಂಡಿದೆ.

ಕುದುರೆ ರೇಸನ್ನು ಮಾತ್ರ ಎತ್ತಬೇಡಿ. 'ರೇಸಿಗೆ ವಿನಾಯಿತಿ, ರಮ್ಮಿಗೆ ಜೈಲು, ಇದು ಯಾವ ನ್ಯಾಯ?' ಎಂಬ ವಾದ ಕೋರ್ಟಿನಲ್ಲಿ ಒಳ್ಳೆಯದು. ಕುದುರೆ ರೇಸ್ ಕೌಶಲದ್ದು ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದ್ದನ್ನು ವಕೀಲರು ನೋಡಿಕೊಳ್ಳುತ್ತಾರೆ. ಶಾಸಕರ ಎದುರು ಅದೇ ಮಾತಿಗೆ ಬರುವ ಉತ್ತರ 'ಸರಿ, ರೇಸನ್ನೂ ನಿಲ್ಲಿಸಿಬಿಡೋಣ'. ಆಮೇಲೆ ನಮ್ಮ ಬಾಯಿ ಕಟ್ಟಿತು.

ವಿಧಾನ ಪರಿಷತ್ತನ್ನು ಎಲ್ಲರೂ ಮರೆಯುತ್ತಾರೆ. 75 ಸದಸ್ಯರಲ್ಲಿ 7 ಮಂದಿ ಪದವೀಧರ ಕ್ಷೇತ್ರಗಳಿಂದ, 7 ಮಂದಿ ಶಿಕ್ಷಕರ ಕ್ಷೇತ್ರಗಳಿಂದ ಬರುತ್ತಾರೆ. ಆನ್‌ಲೈನ್ ಆಡುವ ಪದವೀಧರ ಯುವಕರಿಗೆ ನೇರವಾದ ಪ್ರತಿನಿಧಿ ಎಂದರೆ ಆ ಏಳು ಮಂದಿ. ಒಂದೊಂದು ಕ್ಷೇತ್ರ ಹಲವು ಜಿಲ್ಲೆಗಳಷ್ಟು ದೊಡ್ಡದು, ಹೋಗಿ ಕಾಣುವವರು ಕಡಿಮೆ, ಆದ್ದರಿಂದ ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾರೆ. ತೊಡಕು ಇರುವುದು ನಮ್ಮಲ್ಲೇ. ಪದವಿ ಇದ್ದ ಮಾತ್ರಕ್ಕೆ ಆ ಮತದಾರರ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ, ಬೇರೆ ಅರ್ಜಿ ಕೊಟ್ಟು ಸೇರಬೇಕು, ಪದವಿ ಮುಗಿದು ಮೂರು ವರ್ಷ ಆಗಿರಬೇಕು. ನಮ್ಮ ಪಟ್ಟಿಯಲ್ಲಿದ್ದ ಎಂಜಿನಿಯರುಗಳಲ್ಲಿ ಹೆಸರು ಸೇರಿಸಿಕೊಂಡವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಮೂರು ದಿನದಲ್ಲಿ ಸರಿಪಡಿಸುವ ಕೆಲಸವಲ್ಲ ಅದು.

ದುಡ್ಡಿನ ವಿಚಾರ ಮುಚ್ಚುಮರೆ ಇಲ್ಲದೆ ಇರಬೇಕು. ಲಾಬಿ ಮಾಡುವವರು ನೋಂದಣಿ ಮಾಡಿಕೊಳ್ಳಬೇಕು ಎಂಬ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಇಲ್ಲದಿರುವುದರಿಂದಲೇ ಅನುಮಾನ ಹೆಚ್ಚು. ಜೆರಾಕ್ಸ್, ಬಸ್ ಚಾರ್ಜು, ತಿಂಡಿ ಎಲ್ಲ ಸೇರಿ ಒಂದು ಕ್ಷೇತ್ರದ ಓಡಾಟಕ್ಕೆ ದೊಡ್ಡ ಖರ್ಚೇನೂ ಆಗುವುದಿಲ್ಲ, ಗುಂಪಿನವರೇ ಹಂಚಿಕೊಳ್ಳಬಹುದು. ಕಂಪನಿ ಖರ್ಚು ಕೊಟ್ಟಿದ್ದರೆ ಶಾಸಕರು ಕೇಳುವ ಮೊದಲೇ ಹೇಳಿಬಿಡಬೇಕು. ಅವರು ಕೇಳಿ, ನಾವು ತಡವರಿಸಿ, ಆಮೇಲೆ ಒಪ್ಪಿಕೊಂಡರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಸರಿ, ಅದು ಊರಿನ ಮರ್ಯಾದೆ. ಅದಕ್ಕಿಂತ ಮೇಲೆ ಏನೂ ಇಲ್ಲ. 'ಕ್ಷೇತ್ರದ ಕ್ರಿಕೆಟ್ ಟೂರ್ನಿಗೆ ಸ್ಪಾನ್ಸರ್ ಮಾಡಿಸಿ' ಎಂದು ಸುತ್ತಲಿನವರು ಸುಳಿವು ಕೊಡುವುದುಂಟು. ನಗುತ್ತಾ ಎದ್ದು ಬರಬೇಕು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯಿಂದ ಕೊಡುವವನಿಗೂ 7 ವರ್ಷದವರೆಗೆ ಶಿಕ್ಷೆ ಇದೆ.

ಇಷ್ಟೆಲ್ಲ ಮಾಡಿದರೂ 2021ರಲ್ಲಿ ಮಸೂದೆಯ ಒಂದು ಅಕ್ಷರವೂ ಬದಲಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಪರಿಷತ್ತೂ ಅದೇ ಅಧಿವೇಶನದಲ್ಲಿ ಒಪ್ಪಿತು. ರಾಜ್ಯಪಾಲರಿಗೆ 200ನೇ ವಿಧಿಯಡಿ ಮಸೂದೆ ಮರಳಿಸುವ ಅಧಿಕಾರ ಇದೆ ಎಂದು ರಾಜಭವನಕ್ಕೆ ಮನವಿ ಕಳಿಸಬಹುದು, ಕಳಿಸಿದರೆ ಅಂಚೆ ರಸೀದಿ ಸಿಗುತ್ತದೆ. ಅಕ್ಟೋಬರ್ 5ರಂದು ಅಧಿಸೂಚನೆ ಬಂತು. ಕೆಲವೇ ದಿನಗಳಲ್ಲಿ ಬೆಂಗಳೂರಿನಲ್ಲಿ ಎಫ್‌ಐಆರ್ ದಾಖಲಾಗಿ, ದೊಡ್ಡ ಆ್ಯಪ್‌ಗಳು ಕರ್ನಾಟಕದ ಬಳಕೆದಾರರಿಗೆ ಬಾಗಿಲು ಹಾಕಿದವು. ಹೊಸೂರಿಗೆ ಬೈಕ್ ಓಡಿಸಿಕೊಂಡು ಹೋಗಿ, ಗಡಿ ದಾಟಿ, ಮೊಬೈಲಿನ ಜಾಗ ತಮಿಳುನಾಡು ಎಂದು ತೋರಿಸಿದ ಮೇಲೆ ಆಟಕ್ಕೆ ಕೂರುವವರ ಜೋಕುಗಳು ಹುಟ್ಟಿಕೊಂಡದ್ದು ಆ ತಿಂಗಳಲ್ಲೇ.

ಬದಲಾದದ್ದು ಕೋರ್ಟಿನಲ್ಲಿ. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರ ಪೀಠ ತಿದ್ದುಪಡಿ ಕಾಯ್ದೆಯ 2, 3, 6, 8, 9ನೇ ಸೆಕ್ಷನ್‌ಗಳನ್ನು ಅಸಾಂವಿಧಾನಿಕ ಎಂದು ರದ್ದು ಮಾಡಿತು. ಸಂವಿಧಾನಕ್ಕೆ ಒಪ್ಪುವಂತೆ ಹೊಸ ಕಾಯ್ದೆ ತರಲು ಅಡ್ಡಿಯಿಲ್ಲ ಎಂದೂ ಸೇರಿಸಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಯಿತು. ಹಾಗಾದರೆ ಶಾಸಕರ ಬಳಿ ಓಡಾಡಿದ್ದು ದಂಡವೇ ಎಂದು ಕೇಳುವವರಿದ್ದಾರೆ. ಮಸೂದೆಯ ಮಟ್ಟಿಗೆ ದಂಡವೇ. ತೀರ್ಪಿನ ನಂತರ ಮತ್ತೆ ಹೋದಾಗ ವ್ಯತ್ಯಾಸ ಕಂಡಿತು. 'ನಿಲ್ಲುವುದು ಕಷ್ಟ' ಎಂದು ಮೊದಲೇ ಬರೆದು ಕೊಟ್ಟಿದ್ದ ಹಾಳೆ ಪಿಎ ಫೈಲಿನಲ್ಲಿತ್ತು. ಈ ಸಲ ಕೂರಿಸಿ ಕೇಳಿದರು.

2025ರಲ್ಲಿ ಆ ಪಾಠವೂ ಸಾಲಲಿಲ್ಲ. ದೇಶಕ್ಕೆಲ್ಲ ಅನ್ವಯಿಸುವ ಆನ್‌ಲೈನ್ ಗೇಮಿಂಗ್ ಮಸೂದೆಗೆ ಆಗಸ್ಟ್ 19ರಂದು ಕೇಂದ್ರ ಸಂಪುಟದ ಒಪ್ಪಿಗೆ, 20ರಂದು ಕೇಂದ್ರ ಮಾಹಿತಿ ತಂತ್ರಜ್ಞಾನ ಸಚಿವ ಅಶ್ವಿನಿ ವೈಷ್ಣವ್ ಅವರಿಂದ ಲೋಕಸಭೆಯಲ್ಲಿ ಮಂಡನೆ, ಅಂದೇ ಅಂಗೀಕಾರ, 21ರಂದು ರಾಜ್ಯಸಭೆ, 22ರಂದು ರಾಷ್ಟ್ರಪತಿಗಳ ಅಂಕಿತ. ಕರ್ನಾಟಕದ 28 ಲೋಕಸಭಾ ಸದಸ್ಯರೂ 12 ರಾಜ್ಯಸಭಾ ಸದಸ್ಯರೂ ದೆಹಲಿಯಲ್ಲಿದ್ದರು, ಇಲ್ಲಿಂದ ಮೊದಲ ಫೋನು ಹೋಗುವ ಹೊತ್ತಿಗೆ ಲೋಕಸಭೆ ಮುಗಿದಿತ್ತು. ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ ಎಂದು ಅದರ ಹೆಸರು. ಹಣ ಕಟ್ಟಿ ಹಣ ಗೆಲ್ಲುವ ಆಟ ಕೌಶಲದ್ದಿರಲಿ, ಅದೃಷ್ಟದ್ದಿರಲಿ, ಎರಡೂ ಬೆರೆತದ್ದಿರಲಿ, ಎಲ್ಲವೂ ಒಂದೇ ಎಂದು ಅದು ಹೇಳುತ್ತದೆ. ಒದಗಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತಿಗೆ 2 ವರ್ಷ, 50 ಲಕ್ಷ. ಆಡುವವರಿಗೆ ಶಿಕ್ಷೆ ಇಲ್ಲ. ಇದು ಸಣ್ಣ ಅಂಶದಂತೆ ಕಂಡರೂ ಸಂಘಟನೆಯ ಬೆನ್ನೆಲುಬನ್ನೇ ಮುರಿಯಿತು. 2021ರಲ್ಲಿ ತಾನೇ ಜೈಲಿಗೆ ಹೋಗಬಹುದು ಎಂಬ ಭಯದಿಂದ ಭಾನುವಾರ ಬೆಳಗ್ಗೆ ಎದ್ದು ಬಂದಿದ್ದ ಹುಡುಗ, ತನಗೆ ತೊಂದರೆ ಇಲ್ಲ ಎಂದಾಗ ಬರಲಿಲ್ಲ. ಉಳಿದವರು ಕೆಲಸ ಕಳೆದುಕೊಂಡ ಉದ್ಯೋಗಿಗಳು ಮತ್ತು ಕಂಪನಿಗಳು. ಕರ್ನಾಟಕ ಹೈಕೋರ್ಟಿಗೆ ಒಂದು ಕಂಪನಿ ಹೋಯಿತು, ಅದೂ ಬೇರೆ ಹೈಕೋರ್ಟುಗಳ ಅರ್ಜಿಗಳೂ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಕಾಯ್ದೆ ಆದ ಮೇಲೆ ಸಾಮಾನ್ಯ ಜನಕ್ಕೆ ಉಳಿಯುವ ದಾರಿ ನಿಯಮಗಳ ಕರಡು. 2025ರ ಅಕ್ಟೋಬರ್ ಆರಂಭದಲ್ಲಿ ಕೇಂದ್ರ ಸರ್ಕಾರ ಕರಡು ಪ್ರಕಟಿಸಿ ತಿಂಗಳ ಕೊನೆಯವರೆಗೆ ಅಭಿಪ್ರಾಯ ಕೇಳಿದರು. ಅಲ್ಲಿ 'ನಿಷೇಧ ತಪ್ಪು' ಎಂದು ಬರೆದವರ ಪತ್ರಕ್ಕೆ ಬೆಲೆ ಇಲ್ಲ, ನಿಯಮ ಕಾಯ್ದೆಯನ್ನು ಬದಲಿಸಲಾರದು. ಬೆಲೆ ಇರುವುದು ಪ್ರವೇಶ ಶುಲ್ಕ ಮತ್ತು ಪಣ ಇವೆರಡರ ನಡುವಿನ ಗೆರೆ ಎಲ್ಲಿ, ಇ-ಸ್ಪೋರ್ಟ್ಸ್ ಎಂದು ಮಾನ್ಯತೆ ಪಡೆಯಲು ಚೆಸ್ ಸಂಘಟಕರು ಏನು ಕೊಡಬೇಕು, ಹಳೆಯ ಖಾತೆಯಲ್ಲಿ ಸಿಕ್ಕಿಕೊಂಡ ಹಣ ಯಾವ ದಾರಿಯಲ್ಲಿ ವಾಪಸ್ ಬರಬೇಕು ಎಂಬಂಥ ಪ್ರಶ್ನೆಗಳಿಗೆ. ಒಂದು ನಿಯಮಕ್ಕೆ ಒಂದು ಪ್ಯಾರಾ: ನಿಯಮದ ಸಂಖ್ಯೆ, ಈಗಿನ ಪದಗಳು, ನಮಗೆ ಬೇಕಾದ ಪದಗಳು, ಕಾರಣ ಎರಡು ಸಾಲು. ಅದರದೇ ಪ್ರತಿಯನ್ನು ಲೋಕಸಭೆ ಮತ್ತು ರಾಜ್ಯಸಭೆಯ ಅಧೀನ ಶಾಸನ ಸಮಿತಿಗಳ (ಸರ್ಕಾರ ಮಾಡುವ ನಿಯಮಗಳನ್ನು ಪರಿಶೀಲಿಸುವವು) ಸಚಿವಾಲಯಕ್ಕೂ, ನಿಮ್ಮ ಸಂಸದರ ಊರಿನ ಕಚೇರಿಗೂ ಕೊಡಿ. ಅಂತಿಮ ನಿಯಮಗಳು ಸದನದ ಮುಂದೆ 30 ದಿನ ಇರುತ್ತವೆ, ಆ ಅವಧಿಯಲ್ಲಿ ಬದಲಾವಣೆ ಕೇಳಿ ಸೂಚನೆ ಕೊಡುವ ಹಕ್ಕು ಯಾವ ಸದಸ್ಯರಿಗೂ ಇದೆ. ಸಂಸದರ ಕಚೇರಿಗೆ ಹೋಗುವಾಗಲೂ ಮೂರು ಪ್ರತಿ, ಒಂದರ ಮೇಲೆ ಸಹಿ ಹಾಕಿಸಿಕೊಂಡು ಬನ್ನಿ.